ಟ್ಯಾಂಕ್ 1:56 ಇರಲಿ, ಜೀಪ್ ಮಾತ್ರ 1:48 ತಗೊಳ್ಳಿ

28 ಮಿ.ಮೀ. ಸೈನಿಕರ ಪಕ್ಕ ಯಾವ ಸ್ಕೇಲಿನ ಗಾಡಿ ಇಡಬೇಕು? ಟೇಬಲ್ ಮೇಲೆ ಗೊಂಬೆ ಸೈನಿಕರನ್ನಿಟ್ಟು ಯುದ್ಧ ಆಡುವ ವಾರ್‌ಗೇಮಿಂಗ್‌ಗೆ ಹೊಸದಾಗಿ ಬಂದವರೆಲ್ಲ ಇದನ್ನು ಕೇಳುತ್ತಾರೆ. 1:56, ಅಂದರೆ ನಿಜವಾದ ಗಾಡಿಯ 56ನೇ ಒಂದು ಭಾಗ, ಅಂತ ಉತ್ತರ ರೆಡಿ ಇರುತ್ತದೆ. ಅದು ಅರ್ಧ ಸರಿ ಅಷ್ಟೇ ಅಂತ ನನ್ನ ವಾದ.

28 ಮಿ.ಮೀ. ಅನ್ನುವುದು ಗೊಂಬೆಯ ಎತ್ತರ. ಅದನ್ನೂ ಒಬ್ಬರು ಪಾದದಿಂದ ಕಣ್ಣಿನವರೆಗೆ ಅಳೆದರೆ ಇನ್ನೊಬ್ಬರು ನೆತ್ತಿಯವರೆಗೆ ಅಳೆಯುತ್ತಾರೆ. ಐದೂಮುಕ್ಕಾಲು ಅಡಿಯ ಮನುಷ್ಯ 1:56ರಲ್ಲಿ 31 ಮಿ.ಮೀ. ಬರುತ್ತಾನೆ, 1:48ರಲ್ಲಿ ಸುಮಾರು 36, 1:72ರಲ್ಲಿ 24. ಅಂದರೆ ಎತ್ತರದ ಲೆಕ್ಕದಲ್ಲಿ 1:56ಕ್ಕೆ ತಕರಾರಿಲ್ಲ. ತಕರಾರೆಲ್ಲ ಮೈಕಟ್ಟಿನದು. 'ಹೀರೋಯಿಕ್' ಗೊಂಬೆಗಳ ತಲೆ, ಕೈ, ಬಂದೂಕು ಎಲ್ಲ ದಪ್ಪ. ಬಣ್ಣ ಹಚ್ಚಲು ಸುಲಭ, ಟೇಬಲ್ಲಿನ ಆಚೆ ಬದಿಯಿಂದಲೂ ಕಾಣುತ್ತದೆ. ಸಾಲದ್ದಕ್ಕೆ ಕಾಲಡಿಯ ಬೇಸ್ ಗೊಂಬೆಯನ್ನು ಇನ್ನೂ ಎರಡು ಮೂರು ಮಿ.ಮೀ. ಮೇಲೆತ್ತುತ್ತದೆ. ಗಾಡಿಗಳನ್ನು ಸಾಮಾನ್ಯವಾಗಿ ಬೇಸ್ ಇಲ್ಲದೆ ಹಾಗೇ ಇಡುತ್ತೇವೆ.

ಇದು ಎದ್ದು ಕಾಣುವುದು ಜೀಪಿನಲ್ಲಿ. ವಿಲ್ಲಿಸ್ ಜೀಪ್ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ. 1:56ರಲ್ಲಿ ಅದು ಬರೀ 28 ಮಿ.ಮೀ. ಅಷ್ಟರಲ್ಲಿ ಇಬ್ಬರು ದಪ್ಪ ಭುಜದ ಸೈನಿಕರನ್ನು ಅಕ್ಕಪಕ್ಕ ಕೂರಿಸಿ ನೋಡಿ, ಒಬ್ಬನ ಮೊಣಕೈ ಹೊರಗೆ ನೇತಾಡುತ್ತದೆ. 1:48ರಲ್ಲಿ 33 ಮಿ.ಮೀ. ಸಿಗುತ್ತದೆ, ಇಬ್ಬರೂ ಹಾಯಾಗಿ ಕೂರುತ್ತಾರೆ. ಹಾಗಾಗಿ ಮೈ ತೆರೆದ ಜೀಪು, ಲಾರಿಗೆ ನಾನು 1:48 ಅನ್ನುತ್ತೇನೆ. ಊರಿನ ಕಾರುಗಳಿಗೆ 1:43 ಡೈಕಾಸ್ಟ್ (ಲೋಹದ ಎರಕದ ಆಟಿಕೆ ಕಾರು) ಕೂಡ ನಡೆಯುತ್ತದೆ.

ಹಾಗಿದ್ದರೆ ಟ್ಯಾಂಕೂ 1:48 ಯಾಕಾಗಬಾರದು? ಟೇಬಲ್ ಸುಳ್ಳು ಹೇಳುತ್ತದಲ್ಲ, ಅದಕ್ಕೆ. 'ಬೋಲ್ಟ್ ಆ್ಯಕ್ಷನ್' ಆಟದಲ್ಲಿ ರೈಫಲ್ ಗುಂಡು ಹೋಗುವುದು 24 ಇಂಚು. 1:56ರ ಲೆಕ್ಕದಲ್ಲಿ ಅದು 34 ಮೀಟರ್! ಕಲ್ಲು ಬೀಸಿದರೂ ಅಷ್ಟು ದೂರ ಹೋಗುತ್ತದೆ. ನೆಲವನ್ನೇ ಇಷ್ಟು ಕುಗ್ಗಿಸಿರುವಾಗ ಟ್ಯಾಂಕ್ ದೊಡ್ಡದಾದಷ್ಟೂ ಆಟ ಇಕ್ಕಟ್ಟು. ಶೆರ್ಮನ್ ಟ್ಯಾಂಕ್ 1:56ರಲ್ಲಿ ಸುಮಾರು 10 ಸೆಂ.ಮೀ. ಉದ್ದ, 1:48ರಲ್ಲಿ 12. ಒಂದಕ್ಕೆ ಪರವಾಗಿಲ್ಲ. ಐದು ನಿಂತರೆ ರಸ್ತೆಯೇ ಕಾಣುವುದಿಲ್ಲ.

ಅಗ್ಗ ಅಂತ 1:72 ಕಿಟ್ ತಂದು 28 ಮಿ.ಮೀ. ಜೊತೆ ಇಡುವವರಿಗೆ ಮಾತ್ರ ನನ್ನ ಹತ್ತಿರ ರಿಯಾಯಿತಿ ಇಲ್ಲ. ಒಂದು ಉದಾಹರಣೆ ನೋಡಿ. 1944ರ ಏಪ್ರಿಲ್ 13ರಂದು ಇಂಫಾಲ್ ಹತ್ತಿರದ ನುಂಗ್‌ಶಿಗುಮ್ ಗುಡ್ಡ ಹತ್ತಿದ್ದು ಬ್ರಿಟಿಷರ ಲೀ ಟ್ಯಾಂಕುಗಳು, ಜೊತೆಗೆ ಡೋಗ್ರಾ ಸೈನಿಕರು. ಕಡಿದಾದ ಏರಿನಲ್ಲಿ ಒಳಗಿಂದ ಏನೂ ಕಾಣದೆ ಕಮಾಂಡರ್‌ಗಳು ತಲೆ ಹೊರಗೆ ಹಾಕಿಯೇ ಹೋಗಬೇಕಾಯಿತು. ಟ್ಯಾಂಕ್ ಪಡೆಯ ಅಧಿಕಾರಿಗಳೆಲ್ಲ ಸತ್ತರು, ಇಲ್ಲವೇ ಗಾಯಗೊಂಡರು. ಈ ಕಾಳಗ ಆಡುವವರು ಟ್ಯಾಂಕಿನ ಮೇಲ್ಬಾಗಿಲಾದ ಹ್ಯಾಚ್‌ನಲ್ಲಿ ಕಮಾಂಡರ್‌ನನ್ನು ಇಡಲೇಬೇಕು, ಅಲ್ವಾ? ಲೀ ಮೂರು ಮೀಟರಿಗೂ ಎತ್ತರದ ಟ್ಯಾಂಕ್. 1:56ರಲ್ಲಿ 56 ಮಿ.ಮೀ., ಪಕ್ಕದ ಸೈನಿಕನ ಹೆಚ್ಚುಕಡಿಮೆ ಎರಡರಷ್ಟು. 1:72ರಲ್ಲಿ 43ಕ್ಕೆ ಇಳಿದು ಅದರ ಗತ್ತೇ ಹೋಗುತ್ತದೆ. ಹ್ಯಾಚ್ ಒಳಗೆ 28 ಮಿ.ಮೀ. ಕಮಾಂಡರ್‌ನ ಭುಜ ಇಳಿಯುವುದೂ ಇಲ್ಲ.

1:56ರಲ್ಲೂ ಹೀರೋಯಿಕ್ ಗೊಂಬೆಯನ್ನು ಸೊಂಟಕ್ಕೆ ಕತ್ತರಿಸಿ ತುರುಕಬೇಡಿ. ಕಿಟ್ ಜೊತೆಗೇ ಕಮಾಂಡರ್ ಬಂದಿದ್ದರೆ ಅವನನ್ನೇ ಅಂಟಿಸಿ. ಸ್ವಲ್ಪ ಸಣಕಲ ಅನ್ನಿಸುತ್ತಾನೆ, ಆದರೆ ಕೆಳಗೆ ನಿಂತವರ ಜೊತೆ ಅವನನ್ನು ಹೋಲಿಸಿ ನೋಡುವವರು ಯಾರೂ ಇಲ್ಲ.