ಹನೋಯ್‌ಗೆ ಕರೆದೊಯ್ದು ಮೂರು ಹೊತ್ತೂ ಪನೀರ್ ತಿನ್ನಿಸಬೇಡಿ

ಇವತ್ತು ಬೆಳಿಗ್ಗೆ ಒಂದು ಕಾಲೇಜಿನ ವಿಯೆಟ್ನಾಂ ಸ್ಟಡಿ ಟೂರ್ ಪಟ್ಟಿ ವಾಟ್ಸಾಪಿನಲ್ಲಿ ಬಂತು. ಆರು ದಿನ, ನಲವತ್ತು ಮಕ್ಕಳು. ಪ್ರತಿ ದಿನದ ಕೆಳಗೂ ದಪ್ಪಕ್ಷರದಲ್ಲಿ ಅದೇ ಸಾಲು: ಇಂಡಿಯನ್ ಬ್ರೇಕ್‌ಫಾಸ್ಟ್, ಇಂಡಿಯನ್ ಲಂಚ್, ಇಂಡಿಯನ್ ಡಿನ್ನರ್. ಮೇಲೆ ಶೀರ್ಷಿಕೆ ‘ಸಂಸ್ಕೃತಿ ಪರಿಚಯ’. ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದ್ದೀನಿ.

ಆ ದೇಶದ ದಿನಚರಿ ನಡೆಯೋದೇ ಫುಟ್‌ಪಾತಿನ ಮೇಲಿನ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳಲ್ಲಿ. ಹನೋಯ್‌ನ ಹೊಆನ್ ಕಿಯೆಮ್ ಕೆರೆ ದಂಡೆಯಲ್ಲಿ ಬೆಳಗಿನ ಐದೂವರೆಗೇ ಅಜ್ಜ ಅಜ್ಜಿಯರು ವ್ಯಾಯಾಮ ಮಾಡ್ತಿರುತ್ತಾರೆ. ಆರೂವರೆಗೆ ಫೊ, ಅಂದರೆ ಅಕ್ಕಿ ಶ್ಯಾವಿಗೆಯ ಸಾರು, ಮಾರುವ ಅಂಗಡಿಗಳು ತುಂಬಿರುತ್ತವೆ. ಮಧ್ಯಾಹ್ನದ ಊಟ ಹನ್ನೊಂದೂವರೆಗೆ, ಆಮೇಲೆ ಒಂದು ನಿದ್ದೆ. ರಾತ್ರಿ ಊಟ ಏಳರೊಳಗೆ. ನಮ್ಮ ಗುಂಪು ಒಂಬತ್ತಕ್ಕೆ ಹೋಟೆಲ್ ಬಿಟ್ಟು, ಎರಡಕ್ಕೆ ಬಫೆಗೆ ಇಳಿದು, ರಾತ್ರಿ ಒಂಬತ್ತಕ್ಕೆ ಮತ್ತೆ ದಾಲ್ ತಡ್ಕಾ ಮುಂದೆ ಕೂತರೆ, ಆ ಊರು ಉಣ್ಣುವ ಹೊತ್ತಿಗೆ ಒಮ್ಮೆಯೂ ಸಿಗೋದಿಲ್ಲ.

‘ಸಸ್ಯಾಹಾರಿ ಮಕ್ಕಳು ಏನು ತಿನ್ನಬೇಕು?’ ಅಂತ ಕೇಳ್ತಾರೆ. ಚಿಂತೆ ನಿಜ, ಆದರೆ ಅದಕ್ಕೆ ಉತ್ತರ ಆ ಭಾಷೆಯಲ್ಲೇ ಇದೆ: ‘ಚಾಯ್’. ನಮ್ಮ ಚಹಾ ಅಲ್ಲ, ಸಸ್ಯಾಹಾರ. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಅಂತ ನಾಲ್ಕಕ್ಷರ ಕಂಡರೆ ಒಳಗೆ ಹೋಗಬಹುದು. ಬೌದ್ಧ ಮನೆಗಳಲ್ಲಿ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಸಸ್ಯಾಹಾರ ಮಾಡುವ ರೂಢಿ ಇದೆ, ಆ ದಿನಗಳಲ್ಲಿ ಇನ್ನೂ ಸುಲಭ. ಕಟ್ಟುನಿಟ್ಟಿನ ಬೌದ್ಧ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ.

ಎಡವಟ್ಟಾಗೋದು ಬೇರೆ ಕಡೆ. ‘ಮಾಂಸ ಬೇಡ’ ಅಂದರೆ ಮೀನೋ ಸಿಗಡಿಯೋ ಬಂದೀತು. ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು ನೋಡೋಕೆ ಶುದ್ಧ ಸೊಪ್ಪೇ, ಆದರೆ ಅದಕ್ಕೆ ಮೀನಿನ ಸಾಸ್, ಅಂದರೆ ನುಅಕ್ ಮಮ್, ಬಿದ್ದಿರುತ್ತೆ. ಮಾಮೂಲಿ ಫೊ ಅಂಗಡಿಯಲ್ಲಿ ಮಾಂಸ ತೆಗೆಸಿದರೂ ಸಾರು ಮೂಳೆಯದ್ದೇ. ಅದಕ್ಕೇ ಎರಡು ಮಾತು ಹೇಳಬೇಕು: ‘ಆನ್ ಚಾಯ್’, ಅಂದರೆ ಸಸ್ಯಾಹಾರ ತಿನ್ನೋದು; ‘ಖೋಂ ನುಅಕ್ ಮಮ್’, ಅಂದರೆ ಮೀನಿನ ಸಾಸ್ ಬೇಡ. ಚಾಯ್ ಅನ್ನೋದನ್ನು ಏರಿಳಿತ ಇಲ್ಲದೆ ಸಮವಾಗಿ ಎಳೀಬೇಕು. ಸ್ವರ ಏರಿಸಿದರೆ ‘ಹೊತ್ತಿ ಉರಿ’ ಅಂತ ಅರ್ಥ, ಗಂಟಲಲ್ಲಿ ಒತ್ತಿ ಇಳಿಸಿದರೆ ‘ಓಡು’. ಹಾಗಾಗಿ ಅವರ ಲಿಪಿಯಲ್ಲೇ ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿರಲಿ. ಚಾಯ್ ಅಂಗಡಿಯಲ್ಲಿ ಸೋಯಾದಿಂದ ಮಾಡಿದ ‘ಮಾಂಸ’ ಥೇಟ್ ಮಾಂಸದ ಹಾಗೇ ಕಾಣುತ್ತೆ, ಇದನ್ನು ಮೊದಲೇ ಹೇಳಿಬಿಡಿ. ಇಷ್ಟು ಕಲಿಸೋಕೆ ಒಂದು ಗಂಟೆ ಸಾಕು. ಆ ಒಂದು ಗಂಟೆ ಉಳಿಸೋಕೆ ಆರು ದಿನದ ಊಟ ಕಳೀತಾರೆ!

ಊಟ ಹೋದರೆ ಮಾತೂ ಹೋಗುತ್ತೆ. ನನಗೆ ಅತಿ ಹೆಚ್ಚು ಸಂಕಟ ಆಗೋದು ಇದಕ್ಕೇ. ವಿಯೆಟ್ನಾಮಿ ಭಾಷೆಯಲ್ಲಿ ‘ನಾನು’, ‘ನೀನು’ ಅನ್ನೋ ಜಾಗದಲ್ಲಿ ನಿತ್ಯ ಬಳಕೆಯಾಗೋದು ಸಂಬಂಧವಾಚಕಗಳು. ನಿಮಗಿಂತ ದೊಡ್ಡ ಹುಡುಗ ‘ಆಞ್’, ಅಣ್ಣ. ದೊಡ್ಡ ಹುಡುಗಿ ‘ಚಿ’, ಅಕ್ಕ. ಚಿಕ್ಕವರು ‘ಎಮ್’. ‘ಚು’ ಚಿಕ್ಕಪ್ಪ, ‘ಬಾಕ್’ ದೊಡ್ಡಪ್ಪ, ‘ಕೊ’ ಸೋದರತ್ತೆ, ‘ಬಾ’ ಅಜ್ಜಿ. ಅಕ್ಕನ ಹತ್ತಿರ ಮಾತಾಡುವಾಗ ‘ನಾನು’ ಅನ್ನೋ ಬದಲು ‘ಎಮ್’ ಅನ್ನಬೇಕು. ಅದಕ್ಕೇ ಅಲ್ಲಿನ ವಿದ್ಯಾರ್ಥಿ ಸಿಕ್ಕ ತಕ್ಷಣ ‘ನಿನ್ನ ವಯಸ್ಸೆಷ್ಟು?’ ಅಂತ ಕೇಳ್ತಾನೆ. ಅದು ಅಧಿಕಪ್ರಸಂಗ ಅಲ್ಲ, ವಯಸ್ಸು ಗೊತ್ತಾಗದೆ ವಾಕ್ಯ ಶುರುವಾಗೋದೇ ಇಲ್ಲ. ತರಕಾರಿ ಅಂಗಡಿಯವರನ್ನೂ ಅಣ್ಣಾ, ಅಕ್ಕಾ ಅಂತ ಕರೆದು ಬೆಳೆದ ನಮ್ಮ ಮಕ್ಕಳಿಗಿಂತ ಬೇಗ ಇದನ್ನು ಯಾರು ಕಲಿತಾರು? ಆದರೆ ಬಫೆಯಲ್ಲಿ ಅವರು ಯಾರನ್ನು ‘ಚಿ’ ಅಂತ ಕರೀಬೇಕು?

ಯಾರದಾದರೂ ಮನೆಗೆ ಊಟಕ್ಕೆ ಕರೆದರೆ ಚಪ್ಪಲಿ ಹೊರಗೆ. ಪಲ್ಯಗಳೆಲ್ಲ ನಡುವೆ, ಅನ್ನದ ಬಟ್ಟಲು ಒಬ್ಬೊಬ್ಬರಿಗೆ. ಕಿರಿಯರು ಹಿರಿಯರಿಗೆ ‘ಊಟ ಮಾಡಿ’ ಅಂತ ಹೇಳಿಯೇ ಶುರು ಮಾಡೋದು. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಬಾರದು, ಅದು ಸತ್ತವರಿಗೆ ಹಚ್ಚಿಟ್ಟ ಊದುಬತ್ತಿಯ ಹಾಗೆ ಕಾಣುತ್ತೆ.

ಅಲ್ಲಿನ ದುಡ್ಡು ಡಾಂಗ್. ರೂಪಾಯಿ ಲೆಕ್ಕಕ್ಕೆ ಮೂರು ಸೊನ್ನೆ ಕೈಬಿಟ್ಟು ಮೂರೂವರೆಯಿಂದ ಗುಣಿಸಿ. 50,000 ಡಾಂಗ್ ಸುಮಾರು 175 ರೂಪಾಯಿ. 20,000 ಮತ್ತು 500,000ದ ನೋಟು ಎರಡೂ ನೀಲಿ, ಬೇರೆ ಬೇರೆ ಜೇಬಿನಲ್ಲಿಡಿ. ರಸ್ತೆ ದಾಟುವಾಗ ಓಡಬೇಡಿ, ನಡುವೆ ನಿಲ್ಲಲೂಬೇಡಿ. ಒಂದೇ ನಿಧಾನದ ನಡಿಗೆಯಲ್ಲಿ ಹೋದರೆ ಬೈಕುಗಳು ಸುತ್ತಿ ಹೋಗ್ತವೆ. ಬಸ್ಸು ಕಾರಿಗೆ ಮಾತ್ರ ದಾರಿ ಬಿಡಿ.

ಕೊಡಗು, ಚಿಕ್ಕಮಗಳೂರಿನ ಮಕ್ಕಳಿದ್ದರಂತೂ ಕಾಫಿ ಅಂಗಡಿಯಲ್ಲಿ ಅರ್ಧ ದಿನ ಬಿಡಿ. ರೊಬಸ್ಟಾ ಕಾಫಿ ಬೆಳೆಯಲ್ಲಿ ಜಗತ್ತಿಗೇ ಮೊದಲು ವಿಯೆಟ್ನಾಂ. ಅವರ ‘ಫಿನ್’ ನಮ್ಮ ಫಿಲ್ಟರಿನ ದಾಯಾದಿಯಂತಿರುವ ಪುಟ್ಟ ಲೋಹದ ಬಟ್ಟಲು, ಲೋಟದ ಮೇಲೇ ಕೂರುತ್ತೆ. ಲೋಟದ ತಳಕ್ಕೆ ಎರಡು ಚಮಚ ಕಂಡೆನ್ಸ್ಡ್ ಮಿಲ್ಕ್, ಫಿನ್ನಿಗೆ 20 ಗ್ರಾಂ ಪುಡಿ, ಮೇಲೆ ತೂತಿನ ಬಿಲ್ಲೆ. ಮೊದಲು ಎರಡು ಚಮಚ ಬಿಸಿನೀರು ಹಾಕಿ ಅರ್ಧ ನಿಮಿಷ ಪುಡಿ ಉಬ್ಬೋಕೆ ಬಿಟ್ಟು, ಆಮೇಲೆ ತುಂಬಿಸಬೇಕು. ಐದು ನಿಮಿಷ ಹನಿ ಹನಿಯಾಗಿ ಇಳಿಯುತ್ತೆ. ಬಿಲ್ಲೆ ಬಿಗಿಯಾದರೆ ಹನಿ ನಿಂತೇ ಹೋಗುತ್ತೆ, ಸಡಿಲಾದರೆ ಒಂದೇ ನಿಮಿಷದಲ್ಲಿ ಸುರಿದು ನೀರುನೀರಾಗುತ್ತೆ. ಆ ಐದು ನಿಮಿಷ ಪಕ್ಕದ ಸ್ಟೂಲಿನವರ ಜೊತೆ ಮಾತಾಡದೆ ಇರೋಕಾಗೋದಿಲ್ಲ.

ಪಟ್ಟಿಯಲ್ಲಿ ಮಧ್ಯ ವಿಯೆಟ್ನಾಮಿನ ಪ್ರವಾಸಿ ತಾಣ ಬಾ ನಾ ಬೆಟ್ಟದ ಗೋಲ್ಡನ್ ಬ್ರಿಡ್ಜಿಗೆ ಇಡೀ ದಿನ ಇದೆ, ಮಿ ಸನ್ ಇಲ್ಲ. ಹೊಯ್ ಆನ್ ಪಟ್ಟಣದಿಂದ ಸುಮಾರು 40 ಕಿಲೋಮೀಟರ್ ದೂರದ ಆ ಕಣಿವೆಯಲ್ಲಿ ಹಿಂದೆ ಅಲ್ಲಿ ಆಳಿದ ಚಂಪಾ ರಾಜ್ಯದ ರಾಜರು ಭದ್ರೇಶ್ವರ ಅಂತ ಶಿವನಿಗೆ ಗುಡಿ ಕಟ್ಟಿಸಿದ್ದಾರೆ, ಸಂಸ್ಕೃತದಲ್ಲಿ ಶಾಸನ ಹಾಕಿಸಿದ್ದಾರೆ. 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರಿಗೆ ಜೀರ್ಣೋದ್ಧಾರದ ಕೆಲಸದ ನಡುವೆ ಅಖಂಡ ಶಿಲೆಯ ಶಿವಲಿಂಗ ಸಿಕ್ಕಿದ್ದು ಅಲ್ಲೇ.

ಪಟ್ಟಿ ಮಾಡಿದವರಲ್ಲಿ ಒಂದೇ ಬೇಡಿಕೆ. ಬೇಕಿದ್ದರೆ ರಾತ್ರಿಯ ಬಫೆ ಇಟ್ಟುಕೊಳ್ಳಿ, ಮಧ್ಯಾಹ್ನದ ಊಟ ಬಿಟ್ಟುಕೊಡಿ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿನ ಜೊತೆ ಅಲ್ಲಿನ ಒಬ್ಬ ವಿದ್ಯಾರ್ಥಿ, ತಲೆಗೆ ಒಂದು ಲಕ್ಷ ಡಾಂಗ್, ಜೇಬಿನಲ್ಲಿ ಆ ಚೀಟಿ. ಹನ್ನೊಂದೂವರೆಗೆ ಬಿಡಿ, ತಡ ಮಾಡಬೇಡಿ. ಒಂದು ಗಂಟೆಗೆಲ್ಲ ಅಂಗಡಿಯವರು ಮಲಗಿರುತ್ತಾರೆ.