ಪಿಕಪ್ ಓಡಿಸಿದ ಕೈಗೂ ತರಬೇತಿ ಬೇಕು

ತೀರ್ಥಹಳ್ಳಿ, ಹೊಸನಗರ ಕಡೆಯ ನಮ್ಮ ಹುಡುಗರು ಮೀಸೆ ಮೂಡುವ ಮೊದಲೇ ಅಡಿಕೆ ತೋಟದ ದಾರಿಯಲ್ಲಿ ಪಿಕಪ್ ಓಡಿಸಲು ಕಲಿತಿರುತ್ತಾರೆ. ಆದ್ದರಿಂದ ಗೋದಾಮಿನಲ್ಲಿ ಸರಕು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಯಂತ್ರದ ಚಾಲನೆಗೆ ತರಬೇತಿ ಪಡೆಯುವುದೆಂದರೆ ಅವರಿಗೆ ದುಡ್ಡು ದಂಡವೆನಿಸುತ್ತದೆ. ಮಾಚೇನಹಳ್ಳಿಯ ಗೋದಾಮೊಂದರಲ್ಲಿ ಹಲವು ವರ್ಷ ಸರಕಿನ ಲೆಕ್ಕ ನೋಡಿಕೊಂಡಿದ್ದ ನಾನು ಇದನ್ನು ಒಪ್ಪಲಾರೆ.

ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರಗಳಿಂದ. ಮುಂಭಾಗ ಸಲೀಸಾಗಿ ತಿರುಗಿತೆಂದು ಚಾಲಕ ನೆಮ್ಮದಿಪಡುವಷ್ಟರಲ್ಲಿ ಹಿಂಬದಿ ಪಕ್ಕಕ್ಕೆ ಬೀಸಿ ಚೀಲದ ಅಟ್ಟಿಗೋ, ನಿಂತವರ ಕಾಲಿಗೋ ಬಡಿದಿರುತ್ತದೆ. 45 ಕಿಲೋದ 20 ಯೂರಿಯಾ ಚೀಲಗಳನ್ನು ಎತ್ತಿದರೆ ಮುಂದೆ 900 ಕಿಲೋ ಭಾರ ಬೀಳುತ್ತದೆ, ಅದನ್ನು ಸರಿದೂಗಿಸುವುದು ಯಂತ್ರದ ಹಿಂಬದಿಯಲ್ಲಿರುವ ತೂಕ. ಯಂತ್ರದ ಫಲಕದ ಮೇಲೆ ಬರೆದ ಎತ್ತುವ ಸಾಮರ್ಥ್ಯವಾದರೂ ಭಾರದ ಕೇಂದ್ರ ಫೋರ್ಕಿನ, ಅಂದರೆ ಸರಕು ಎತ್ತುವ ಚಾಚುತೋಳಿನ, ಬುಡದಿಂದ ನಿಗದಿತ ದೂರದಲ್ಲಿ, ಅನೇಕ ಯಂತ್ರಗಳಲ್ಲಿ 500 ಮಿಲಿಮೀಟರ್ ಒಳಗೆ, ಇದ್ದಾಗ ಮಾತ್ರ ನಿಜ. ಸರಕು ತುದಿಯತ್ತ ಸರಿದರೆ ಆ ಸಾಮರ್ಥ್ಯ ತಗ್ಗುತ್ತದೆ. ಭಾರ ಹೊತ್ತು ಇಳಿಜಾರು ಇಳಿಯುವಾಗ ಹಿಮ್ಮುಖವಾಗಿಯೇ ಇಳಿಯಬೇಕೆಂಬುದು ಆಗುಂಬೆ ಘಾಟಿಯನ್ನು ನೂರು ಸಲ ಇಳಿದವನಿಗೂ ತಾನಾಗಿ ಹೊಳೆಯುವುದಿಲ್ಲ.

ಉದ್ಯೋಗದ ದೃಷ್ಟಿಯಿಂದ ನೋಡಿದರೆ, ಬೆನ್ನ ಮೇಲೆ ಚೀಲ ಹೊರುವ ಹಮಾಲರ ದುಡಿಮೆ ಮೈಯಲ್ಲಿ ಕಸುವಿರುವಷ್ಟು ದಿನ ಮಾತ್ರ. ಅದೇ ಗೋದಾಮಿನಲ್ಲಿ ಯಂತ್ರ ನಡೆಸಬಲ್ಲವನು ನಡುವಯಸ್ಸು ದಾಟಿದರೂ ಕೆಲಸದಲ್ಲಿರಬಹುದು. ಜೊತೆಗೆ ಹೆವಿ ಲೈಸೆನ್ಸ್ ಇದ್ದರೆ ಅಂಥವನನ್ನು ಕೈಬಿಡಲು ಯಾವ ಮಾಲೀಕನೂ ಹಿಂದೆಮುಂದೆ ನೋಡುತ್ತಾನೆ. ಕಾನೂನಿನ ಪ್ರಕಾರ ಲಾರಿಯಂಥ ಸಾರಿಗೆ ವಾಹನದ ಪರವಾನಗಿಗೆ 20 ವರ್ಷ ತುಂಬಿರಬೇಕು, ಅದರ ಎಲ್‌ಎಲ್ (ಕಲಿಕಾ ಲೈಸೆನ್ಸ್) ಪಡೆಯಲು ಲಘು ವಾಹನದ ಲೈಸೆನ್ಸ್ ಕನಿಷ್ಠ ಒಂದು ವರ್ಷದಿಂದ ಕೈಯಲ್ಲಿರಬೇಕು. ಆದ್ದರಿಂದ 18 ತುಂಬುತ್ತಲೇ ಲಘು ಲೈಸೆನ್ಸ್ ಮಾಡಿಸಿ, ನಡುವಿನ ಕಾಲದಲ್ಲಿ ಫೋರ್ಕ್‌ಲಿಫ್ಟ್ ಕಲಿತವನು ಒಂದು ದಿನವನ್ನೂ ವ್ಯರ್ಥ ಮಾಡಿದಂತಾಗುವುದಿಲ್ಲ. ಅಡಿಕೆ ಬೆಳೆಗೆ, ಟಿಲ್ಲರಿಗೆ ಸಾಲ ಕೊಡುವ ನಮ್ಮ ಸಹಕಾರ ಸಂಘಗಳು ಈ ತರಬೇತಿಯ ಶುಲ್ಕಕ್ಕೂ ಸಣ್ಣ ಸಾಲ ಕೊಡಬೇಕೆಂಬುದು ನನ್ನ ಬಹುದಿನದ ಆಗ್ರಹ.

ನನ್ನ ಅಣ್ಣನ ಮಗ ಮೊದಲು, 'ಚಿಕ್ಕಪ್ಪ, ನಂಗೆ ಓಡ್ಸಕ್ಕೆ ಬರಲ್ವಾ?' ಎಂದು ಸಿಟ್ಟಾಗಿದ್ದ. ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ದಿನವೇ ಅವನು ಯಂತ್ರದ ಮೇಲೆ ಬಣ್ಣ ಬಳಿದು ಮುಚ್ಚಿಹೋಗಿದ್ದ ಸಾಮರ್ಥ್ಯದ ಫಲಕವನ್ನು ಉಜ್ಜಿ, ಅಂಕಿಗಳನ್ನು ಓದಿ, ಆಮೇಲೆ ಕೀಲಿ ತಿರುಗಿಸಿದನಂತೆ. ಆರು ತಿಂಗಳಲ್ಲಿ ಆ ಪಾಳಿಯ ಲೋಡಿಂಗ್ ಹೊಣೆ ಅವನಿಗೇ ಬಂತು.