ಟಿಕೆಟ್ ‘ಕೈತಪ್ಪುವ’ ಕಲೆ

ಚುನಾವಣೆ ಬಂತೆಂದರೆ ಟಿವಿ ಪರದೆಯ ಕೆಳಗೆ ಒಂದು ಸಾಲು ಓಡಾಡಲು ಶುರುವಾಗುತ್ತದೆ: ‘ಹಾಲಿ ಶಾಸಕರಿಗೆ ಟಿಕೆಟ್ ಕೈತಪ್ಪುವ ಸಾಧ್ಯತೆ’. ಕೈತಪ್ಪುವುದಂತೆ! ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ಚೀಟಿ ಹಾರಿಹೋದ ಹಾಗೆ. ಕಿತ್ತುಕೊಂಡವರು ಯಾರೂ ಇಲ್ಲ, ಬೇಡ ಅಂದವರೂ ಇಲ್ಲ. ರಾಜ್ಯದ ನಾಯಕರನ್ನು ಕೇಳಿದರೆ ‘ಎಲ್ಲಾ ಹೈಕಮಾಂಡ್ ನೋಡ್ಕೊಳ್ತಾರೆ’. ಹೈಕಮಾಂಡನ್ನು ಕೇಳೋಣ ಅಂದರೆ ಅವರ ಮನೆ ಗೇಟು ದೆಹಲಿಯಲ್ಲಿದೆ.

ಬ್ರಿಟನ್ನಿನವರು ಮುಚ್ಚುಮರೆ ಇಲ್ಲದೆ ಡಿಸೆಲೆಕ್ಟ್ ಅನ್ನುತ್ತಾರೆ. ಆರಿಸಿದವರೇ ‘ಇನ್ನು ಸಾಕು, ಇಳಿಯಪ್ಪ’ ಅನ್ನುವುದು. ಅಲ್ಲಿ ಲೇಬರ್ ಪಕ್ಷದ ಹಾಲಿ ಸಂಸದರನ್ನು ಬದಲಿಸಬೇಕೋ ಬೇಡವೋ ಎಂದು ಕ್ಷೇತ್ರದ ಪಕ್ಷದ ಸದಸ್ಯರು ಮತ ಹಾಕುವ ಪದ್ಧತಿ ಇದೆ. 2022ರಲ್ಲಿ ಇಲ್‌ಫರ್ಡ್ ಸೌತ್‌ನ ಸಂಸದ ಸ್ಯಾಮ್ ಟ್ಯಾರಿ ಹೀಗೇ ಸೋತರು. ಸದಸ್ಯರು ಅವರ ಬದಲಿಗೆ ಊರಿನ ಕೌನ್ಸಿಲ್ ಮುಖ್ಯಸ್ಥರನ್ನು ಆರಿಸಿಕೊಂಡರು. ಟೈರ್ ಸುಟ್ಟ ವಾಸನೆ ಇಲ್ಲದೆ ಟಿಕೆಟ್ ಬದಲಾಯಿತು ಅಂದರೆ ನಮ್ಮ ಕಡೆ ಯಾರು ನಂಬುತ್ತಾರೆ?

ನಮ್ಮ ಕಾರ್ಯಕರ್ತನ ಕೆಲಸವೇ ಬೇರೆ. ಅವನನ್ನು ಯಾರೂ ಮತ ಕೇಳುವುದಿಲ್ಲ, ಕಣ್ಣೀರು ಮಾತ್ರ ಕೇಳುತ್ತಾರೆ. ಪಟ್ಟಿ ಹೊರಬಿದ್ದ ರಾತ್ರಿ ಅಣ್ಣನ ಮನೆ ಮುಂದೆ ನೆರೆದು, ಕ್ಯಾಮೆರಾ ಬಂದ ಮೇಲೆ ಅಳಬೇಕು. ಬರುವುದಕ್ಕೆ ಮುಂಚೆ ಅತ್ತರೆ ಲೆಕ್ಕಕ್ಕಿಲ್ಲ.

ಬೆಂಗಳೂರಿನ ಪುಲಕೇಶಿನಗರ ವಿಧಾನಸಭಾ ಕ್ಷೇತ್ರವನ್ನೇ ನೋಡಿ. 2018ರಲ್ಲಿ ಅಖಂಡ ಶ್ರೀನಿವಾಸಮೂರ್ತಿ ಅಲ್ಲಿ ಕಾಂಗ್ರೆಸ್‌ನಿಂದ ನಿಂತು 81 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಆ ಸಲ ಇಡೀ ರಾಜ್ಯದಲ್ಲೇ ದೊಡ್ಡ ಗೆಲುವು ಅದು. 2023ಕ್ಕೆ ಅದೇ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ಅವರು ಬಿಎಸ್‌ಪಿಯಿಂದ ನಿಂತು ಸೋತರು. ಜನ ಆರಿಸಲು ಬಿಸಿಲಲ್ಲಿ ಸಾಲು ನಿಂತು ದಿನವಿಡೀ ಬೆರಳಿಗೆ ಮಸಿ ಹಚ್ಚಿಸಿಕೊಂಡಿದ್ದರು. ತೆಗೆಯೋಕೆ ಪಟ್ಟಿಯಲ್ಲಿ ಒಂದು ಹೆಸರು ಬರೆಯದೆ ಬಿಟ್ಟರೆ ಸಾಕಾಯಿತು.

ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದ ಕತೆ ಇನ್ನೂ ಸೊಗಸು. 2014, 2019 ಎರಡೂ ಸಲ ಗೆದ್ದಿದ್ದ, ಮುಖ್ಯಮಂತ್ರಿಯೂ ಆಗಿದ್ದ ಸದಾನಂದಗೌಡರಿಗೆ 2024ರಲ್ಲಿ ಬಿಜೆಪಿ ಟಿಕೆಟ್ ಇಲ್ಲ. ಆ ಜಾಗಕ್ಕೆ ಬಂದವರು ಶೋಭಾ ಕರಂದ್ಲಾಜೆ. ಅವರ ಹಳೇ ಕ್ಷೇತ್ರ ಉಡುಪಿ ಚಿಕ್ಕಮಗಳೂರಿನಲ್ಲಿ ಸ್ವಂತ ಪಕ್ಷದವರೇ ‘ಗೋ ಬ್ಯಾಕ್ ಶೋಭಾ’ ಎಂದು ಕೂಗಿದ್ದರು. ಅಲ್ಲಿ ಬೇಡವಾದವರು ಇಲ್ಲಿ ಬೇಕಾದರು, ಇಲ್ಲಿ ಬೇಡವಾದವರು ಮನೆಗೆ ಹೋದರು. ಶೋಭಾ ಗೆದ್ದೂ ಬಿಟ್ಟರು ಅನ್ನಿ. ಬೆಂಗಳೂರಿನವರು ಬಾಡಿಗೆಗೆ ಬಂದವರನ್ನು ಯಾವತ್ತೂ ಊರು ಕೇಳಿದವರಲ್ಲ.

ಟಿಕೆಟ್ ಸಿಕ್ಕವರಾದರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರಾ? ಅದೂ ಇಲ್ಲ. ಟಿಕೆಟ್ ಅಂದರೆ ಬಾಯಿಮಾತು, ಬಿ ಫಾರಂ ಅಂದರೆ ‘ಇವರೇ ನಮ್ಮ ಅಭ್ಯರ್ಥಿ’ ಎಂದು ಪಕ್ಷ ಬರೆದುಕೊಡುವ ಕಾಗದ. ಅದರ ಮೇಲೆ ಶಾಯಿಯಲ್ಲೇ ಸಹಿ ಇರಬೇಕು, ರಬ್ಬರ್ ಸ್ಟಾಂಪ್ ನಡೆಯಲ್ಲ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈಗೆ ಸೇರಬೇಕು. ಕೊಟ್ಟದ್ದನ್ನು ರದ್ದು ಮಾಡಿ ಇನ್ನೊಬ್ಬರ ಹೆಸರು ಕಳಿಸಲೂ ಪಕ್ಷಕ್ಕೆ ಅಷ್ಟೇ ಹೊತ್ತು ಅವಕಾಶ. ನಮ್ಮಲ್ಲಿ ಅದಕ್ಕೆ ಸಿ ಫಾರಂ ಅಂತಾರೆ. ಹಾಗಾಗಿ ಅಣ್ಣಮ್ಮನಿಗೆ ಪೂಜೆ ಮಾಡಿಸಿ, ಡೊಳ್ಳು ಬಡಿಸಿಕೊಂಡು ಮೆರವಣಿಗೆ ಹೊರಟವರು ಒಂದು ಕಣ್ಣು ಜನರ ಮೇಲೆ, ಇನ್ನೊಂದು ಗಡಿಯಾರದ ಮೇಲೆ ಇಟ್ಟಿರುತ್ತಾರೆ. ಅದೇ ಬಿ ಫಾರಂನಲ್ಲಿ ಇವರ ನಾಮಪತ್ರ ತಿರಸ್ಕಾರವಾದರೆ ಯಾರು ಅಂತ ಬದಲಿ ಅಭ್ಯರ್ಥಿಯ ಹೆಸರಿಗೂ ಜಾಗ ಇದೆ. ಮದುವೆ ಪತ್ರಿಕೆಯಲ್ಲಿ ಎರಡನೇ ವರನ ಹೆಸರು ಅಚ್ಚಾದರೆ ಬೀಗರು ಸುಮ್ನೆ ಇರುತ್ತಿದ್ದರಾ?

ಹಾಗಾದರೆ ಮತದಾರನಿಗೇ ಇಳಿಸುವ ಹಕ್ಕು ಕೊಡಿ ಅಂತೀರಾ? ಮಧ್ಯಪ್ರದೇಶದಲ್ಲಿ ಪುರಸಭೆಗಳ ಅಧ್ಯಕ್ಷರಿಗೆ ಇಂಥ ಪರೀಕ್ಷೆ ನಡೆದದ್ದುಂಟು. ಮತಪತ್ರದಲ್ಲಿ ಎರಡೇ ಚಿತ್ರ. ಒಂದು ಕುರ್ಚಿಯಲ್ಲಿ ಮನುಷ್ಯ ಕೂತಿದ್ದಾನೆ, ಇನ್ನೊಂದು ಖಾಲಿ. ಖಾಲಿ ಕುರ್ಚಿಗೆ ಹೆಚ್ಚು ಮತ ಬಿದ್ದರೆ ಅಧ್ಯಕ್ಷರು ಎದ್ದು ಹೋಗಬೇಕು.

ಬೆಂಗಳೂರಿನವರಿಗೆ ಅಷ್ಟು ಕಷ್ಟವೇ ಬೇಕಿರಲಿಲ್ಲ. ಬಿಬಿಎಂಪಿಗೆ 2015ರಲ್ಲಿ 198 ಕಾರ್ಪೊರೇಟರುಗಳನ್ನು ಆರಿಸಿದೆವು. 2020ರ ಸೆಪ್ಟೆಂಬರಿನಲ್ಲಿ ಅವರ ಅವಧಿ ಮುಗಿಯಿತು. ಆಮೇಲೆ ಪೂರ್ತಿ ಐದು ವರ್ಷ, ಅಂದರೆ ಇನ್ನೊಂದು ಅವಧಿಯಷ್ಟೇ ಕಾಲ, ಆಡಳಿತಾಧಿಕಾರಿಗಳ ಕೈಲಿ ಊರು ನಡೆಯಿತು. ಒಂದೂ ಮತ ಹಾಕದೆ 198 ಖಾಲಿ ಕುರ್ಚಿಗಳು ಅವಿರೋಧವಾಗಿ ಆಯ್ಕೆಯಾದವು.

ಆದರೆ ಆಕಾಂಕ್ಷಿಗಳನ್ನು ಡಿಸೆಲೆಕ್ಟ್ ಮಾಡಲು ಯಾರಿಂದಲೂ ಆಗಿಲ್ಲ, ಅವರನ್ನು ಯಾರೂ ಸೆಲೆಕ್ಟ್ ಮಾಡಿಯೇ ಇಲ್ಲವಲ್ಲ. ‘ಮುಂದಿನ ಕಾರ್ಪೊರೇಟರ್’ ಎಂದು ಕೈಮುಗಿದ ಫ್ಲೆಕ್ಸುಗಳು ಗಣೇಶನ ಹಬ್ಬಕ್ಕೂ ಬಂದವು, ರಾಜ್ಯೋತ್ಸವಕ್ಕೂ ಬಂದವು. ಈ ನಡುವೆ ಸರ್ಕಾರ ವಾರ್ಡುಗಳನ್ನು 243 ಮಾಡಿತು, ಆಮೇಲೆ 225 ಮಾಡಿತು, 2025ರಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿತು. ಪ್ರತಿ ಸಲವೂ ಅಣ್ಣನ ಫೋಟೋ ಅದೇ ಇರುತ್ತದೆ, ವಾರ್ಡಿನ ಹೆಸರಿನ ಮೇಲೆ ಮಾತ್ರ ಹೊಸ ಸ್ಟಿಕ್ಕರ್.